ಹಣ್ಣೂ ಅಲ್ಲ, ಚೆರ್ರಿಯೂ ಅಲ್ಲ

ಏಳನೆಯ ಕಂತು

"ಮನುಷ್ಯ ಸುಳ್ಳು ಹೇಳ್ತಾನೆ ಸರ್. ಕಂಪ್ಯೂಟರ್ ಹೇಳಲ್ಲ," ಅಂದ ಲೋಹಿತ್.

ನಾನು ಒಂದು ಮೂಟೆಯ ಮೇಲೆ ಕುಳಿತು ಮಂಡಿ ಉಜ್ಜಿಕೊಳ್ಳುತ್ತಿದ್ದೆ. ಅಸಾದುಲ್ಲಾ ಎಂಬ ಈ ಮುದುಕ ಮೂವತ್ತೆರಡು ವರ್ಷ ವಿಮಾ ಕಂಪನಿಗೆ ನಷ್ಟದ ತನಿಖೆ ಮಾಡಿದವನು. ಸುಟ್ಟ ಗೋದಾಮು, ಘಟ್ಟದಲ್ಲಿ ಮಗುಚಿದ ಲಾರಿ, ಎಲ್ಲಿಗೆ ಹೋದರೂ ಈ ಮಾತು ಕೇಳಿದ್ದೇನೆ. ಕಂಪ್ಯೂಟರ್ ಬರುವ ಮುಂಚೆ ಇದನ್ನೇ ತಕ್ಕಡಿಯ ಬಗ್ಗೆ ಹೇಳುತ್ತಿದ್ದರು.

ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಚೆರ್ರಿ' ಅಂತಿತ್ತು. ಪಕ್ಕದಲ್ಲಿ ಒಂದು ಪುಟ್ಟ ಚಿತ್ರ. ಅದರ ಮುಂದೆ ನಲವತ್ತೊಂದು ಸಾವಿರ ಕೆಜಿ.

ಸ್ಟೋರಿನಲ್ಲಿ ಇದ್ದದ್ದು ಐನೂರ ಎಂಬತ್ತು ಮೂಟೆ. ಮೂಟೆಗೆ ಐವತ್ತರಂತೆ ಇಪ್ಪತ್ತೊಂಬತ್ತು ಸಾವಿರ ಕೆಜಿ. ಕೆ. ಹೊಸಕೋಟೆಯ ಸಣ್ಣ ಕಾಫಿ ಬೆಳೆಗಾರರ ಸಂಘದಲ್ಲಿ ಇನ್ನೂರ ನಲವತ್ತು ಮೂಟೆ ಕಾಣೆಯಾಗಿತ್ತು. ಲೆಕ್ಕ ಬರೆಯುವ ರೈಟರ್ ವೆಂಕಟೇಶ 'ಕದ್ದದ್ದು ನಾನೇ' ಎಂಬ ಕಾಗದಕ್ಕೆ ಸಹಿ ಹಾಕಿ ಐದು ದಿನವಾಗಿತ್ತು. ಸೋಮವಾರ ಆ ಕಾಗದ ಪೊಲೀಸರ ಕೈ ಸೇರುತ್ತದೆ. ಅಂದು ಶನಿವಾರ.

ನನಗೆ ವೆಂಕಟೇಶ ಇಪ್ಪತ್ತು ವರ್ಷದ ಪರಿಚಯ. ಒಂದು ಹಿಡಿ ಕಾಫಿ ಜೇಬಿಗೆ ಹಾಕಿಕೊಳ್ಳುವ ಜನ ಅವನಲ್ಲ. ಆದರೆ ಒಳ್ಳೆಯವರೂ ಕದಿಯುತ್ತಾರೆ ಎಂಬುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಆಶ್ಚರ್ಯ ಪಡುವುದಕ್ಕೂ ಈಗ ಶಕ್ತಿ ಬೇಕು.

ಬೆಳಗ್ಗೆ ಎಂಟಕ್ಕೇ ಬಂದು ಮೂಟೆ ಎಣಿಸಿದ್ದೆ. ಅಲ್ಲೊಂದು ಇಲ್ಲೊಂದು ತೂಗಿಸಿದ್ದೆ. ಚೀಲದಲ್ಲಿ ಸದಾ ಇರುವ ಚೂಪು ಮೂತಿಯ ಉಕ್ಕಿನ ಕೊಳವೆಯಿಂದ ಮೇಲಿನ ಎರಡು ಸಾಲು ಚುಚ್ಚಿ ಕಾಳು ತೆಗೆದು ನೋಡಿದ್ದೆ. ಎಲ್ಲ ಚೆನ್ನಾಗಿ ಒಣಗಿದ ಕಪ್ಪು ಚೆರ್ರಿ. ಕೆಳಗಿನ ಸಾಲಿಗೆ ಬಗ್ಗಬೇಕಿತ್ತು. ಮಂಡಿ ಬೇಡ ಅಂದಿತು, ನಾನೂ ಹೂಂ ಅಂದೆ.

"ಶಾಂತಮಲ್ಲಪ್ಪನೋರೆ, ಈ ಸಾಫ್ಟ್‌ವೇರ್ ತಗೊಳ್ಳೋ ಮುಂಚೆ ಏನೇನು ಕೇಳಿದ್ರಿ?" ಅಂದೆ.

ಸಂಘದ ಅಧ್ಯಕ್ಷ ಶಾಂತಮಲ್ಲಪ್ಪ ಬಾಗಿಲ ಬಳಿ ನಿಂತಿದ್ದರು. ಎಪ್ಪತ್ತರ ಗಟ್ಟಿ ಆಳು. "ಏನ್ ಕೇಳೋದು ಸಾಹೇಬ್ರೆ? ಹಾಸನದಾಗೆ ಹೋಟೆಲ್‌ನಾಗೆ ತೋರಿಸಿದ್ರು. ಗೋಡೆ ಮೇಲೆ ಬಣ್ಣಬಣ್ಣವಾಗಿ ಬಂತು. ಊಟಾನೂ ಚೆನ್ನಾಗಿತ್ತು."

"ಹೋಳಿಗೆ ಹಾಕಿದ್ರಾ?"

"ಹಾಕಿದ್ರು."

"ಮತ್ತೆ ಯಾರು ಪ್ರಶ್ನೆ ಕೇಳ್ತಾರೆ ಬಿಡಿ."

ಲೋಹಿತ್ ನಕ್ಕ. ಮೂವತ್ತು ದಾಟಿದ, ಇಸ್ತ್ರಿ ಅಂಗಿಯ ಚುರುಕು ಮನುಷ್ಯ. ಈ ಸಾಫ್ಟ್‌ವೇರ್ ಮಾರಿದವನೂ ಅವನೇ, ಜನವರಿಯಲ್ಲಿ ಬಂದು ಮೂಟೆಮೂಟೆಗೂ ಗುರುತಿನ ಚೀಟಿ ಅಂಟಿಸಿ ಕೆಲಸ ಕಲಿಸಿಕೊಟ್ಟವನೂ ಅವನೇ.

"ಇದನ್ನ ಮುಂಚೆ ತಗೊಂಡೋರು ಯಾರಾದ್ರೂ ಇದ್ರಾ? ಅವರನ್ನ ವಿಚಾರಿಸಿದ್ರಾ?"

"ಹೊಂಗಡಹಳ್ಳದ ಕಡೆ ಯಾವುದೋ ದೊಡ್ಡ ಎಸ್ಟೇಟ್‌ನೋರು ತಗೊಂಡವ್ರೆ ಅಂದ್ರು. ಫೋನ್ ಮಾಡ್ಲಿಲ್ಲ."

"ಕರೆಂಟ್ ಹೋದ್ರೆ, ನೆಟ್‌ವರ್ಕ್ ಹೋದ್ರೆ?"

"ವೆಂಕಟೇಶ ಚೀಟೀಲಿ ಬರ್ಕೊಂಡು ಆಮೇಲೆ ಹಾಕ್ತಿದ್ದ."

"ನಾಳೆ ಇದು ಬೇಡ ಅಂದ್ರೆ ಒಳಗಿರೋ ನಿಮ್ಮ ಮಾಹಿತಿ ನಿಮ್ಮ ಕೈಗೆ ವಾಪಸ್ ಬರುತ್ತಾ?"

ಅಧ್ಯಕ್ಷರು ಲೋಹಿತನ ಮುಖ ನೋಡಿದರು. ಲೋಹಿತ್ ಪರದೆ ನೋಡಿದ.

"ಪಾಸ್‌ವರ್ಡ್ ಯಾರ ಹತ್ರ ಐತೆ?"

ಕೇಳುವುದೇ ಬೇಕಿರಲಿಲ್ಲ. ಪರದೆಯ ಅಂಚಿಗೆ ಚೀಟಿ ಅಂಟಿಸಿ ಅದರ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿತ್ತು. ದನ ಕಾಯುವವನೂ ಓದಬಹುದಿತ್ತು.

"ಹಳೇ ಪುಸ್ತಕ?"

"ಇದು ಬಂದ ಮೇಲೆ ಅದ್ಯಾಕೆ ಅಂತ ನಿಲ್ಲಿಸ್ಬುಟ್ವಿ."

ನನಗೆ ಸಿಟ್ಟು ಬಂತು. ಸುಸ್ತಾದವನ ಸಿಟ್ಟು, ಏಳುವಾಗಲೇ ಕುಂಟುತ್ತದೆ. "ಎತ್ತು ಕೊಳ್ಳುವಾಗ ಹಲ್ಲು ನೋಡ್ತೀರಿ, ಸುಳಿ ನೋಡ್ತೀರಿ, ನೊಗ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡ್ತೀರಿ. ಇದನ್ನ ಒಂದು ಸುಗ್ಗಿ ಹಳೇ ಪುಸ್ತಕದ ಜೊತೆ ನಡೆಸಿ ನೋಡೋಕೆ ಏನಾಗಿತ್ತು ಮಾರಾಯ್ರೆ? ಆಗ ಯಾವುದು ಕುಂಟು ಅಂತ ಗೊತ್ತಾಗ್ತಿತ್ತು."

"ಈಗ ಬೈದು ಏನ್ ಪ್ರಯೋಜನ?" ಅಂದರು ಶಾಂತಮಲ್ಲಪ್ಪ. ಅವರ ದನಿಯೂ ಸೋತಿತ್ತು. "ನೂರಾ ಹತ್ತು ಮನೆಯೋರ ಬೆಳೆ ಕಣ್ರೀ. ಅವ್ರಿಗೆ ಮುಖ ತೋರ್ಸೋದು ಹೆಂಗೆ? ನನಗೂ ವೆಂಕಟೇಶನ ಮೇಲೆ ದ್ವೇಷ ಇಲ್ಲ. ಅವನೇ ಒಪ್ಕೊಂಡವ್ನೆ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಜನರ ಹಳೆಯ ಚಾಳಿ. ಆ ಬಾಗಿಲು ಹಾಕಲು ಪ್ರತಿಸಲ ನನ್ನನ್ನೇ ಕರೆಯುತ್ತಾರೆ.

ಸುಮ್ಮನೆ ಪರದೆಯನ್ನೇ ನೋಡಿದೆ. ಐದು ದಿನದಿಂದ ನನ್ನ ಜೇಬಿನಲ್ಲಿ ಇದೇ ಪಟ್ಟಿಯ ಪ್ರಿಂಟ್ ಇತ್ತು, ಸಂಘದ ಹಳೇ ಯಂತ್ರದ ಕಪ್ಪು-ಬಿಳುಪು ಪ್ರಿಂಟ್. ಅದರಲ್ಲಿ ಚೆರ್ರಿಯ ಪಕ್ಕದ ಚಿತ್ರ ಕಪ್ಪಗಿತ್ತು. ಪರದೆಯ ಮೇಲೆ ಅದೇ ಚಿತ್ರ ಕೆಂಪಗಿತ್ತು. ಗೊಂಚಲು ಗೊಂಚಲಾಗಿ, ಎಲೆ ಸಮೇತ.

ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೊಳೆಯಲಿಲ್ಲ. ಗಾಳಿಗೆಂದು ಹೊರಗೆ ಬಂದೆ.

* * *

ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಮುಗಿದಿತ್ತು. ಲಿಂಗಮ್ಮ ಒಬ್ಬಳೇ ಖಾಲಿ ಸಿಮೆಂಟಿನ ಮೇಲೆ ಪೊರಕೆ ಆಡಿಸುತ್ತಿದ್ದಳು. ಹನ್ನೆರಡು ಜನ ಕಣದ ಹೆಂಗಸರಿಗೆ ಅವಳೇ ಹಿರಿಯಳು. ನನ್ನನ್ನು ಕಂಡು ಪೊರಕೆ ನಿಲ್ಲಿಸಲಿಲ್ಲ.

"ವೆಂಕಟೇಶಪ್ಪನ್ನ ಹಿಡ್ಕೊಂಡು ಹೋಗ್ತಾರಾ?" ಅಂದಳು.

"ಕಾಫಿ ಎಲ್ಲಿ ಹೋಯ್ತು ಅಂತ ಗೊತ್ತಾಗದಿದ್ರೆ ಹೋಗ್ತಾರೆ."

"ಎಲ್ಲಿ ಹೋಯ್ತದೆ? ಕಣಕ್ಕೆ ಬಂದಿದ್ದೆಲ್ಲ ನಾವೇ ತಿರುವಿ ಒಣಗ್ಸಿದ್ದು, ನಾವೇ ತುಂಬಿದ್ದು. ಬೇಕಾದ್ರೆ ಗೋಡೆ ನೋಡಿ."

ಕಣದ ಪಕ್ಕದ ಮಾಡಿನ ಗೋಡೆ ತುಂಬ ಇದ್ದಿಲಿನ ಗೆರೆಗಳಿದ್ದವು. ಹತ್ತು ಹತ್ತರ ಕಟ್ಟು. ಇದೆಲ್ಲ ಏನು ಅಂದೆ.

"ಹಣ್ಣಿನ ಮೂಟೆ. ಒಂದು ಮೂಟೆ ಹಣ್ಣು ಕಣಕ್ಕೆ ಬಿದ್ರೆ ಒಂದು ಗೆರೆ. ಇಲ್ದಿದ್ರೆ ಯಾವ ರಾಶಿ ಯಾವತ್ತು ತಿರುವಿದ್ದು ಅಂತ ಗೊತ್ತಾಗಲ್ಲ."

ಬೆರಳಿಟ್ಟು ಎಣಿಸತೊಡಗಿದೆ. "ಒಂದು, ಎರಡು..."

"ಅಯ್ಯೋ, ಒಂದು ಅಂತ ಸುರು ಮಾಡ್ತಾರೇನ್ರೀ? ಲಾಭ ಅನ್ನಿ."

ಮರೆತೇಬಿಟ್ಟಿದ್ದೆ. ನಮ್ಮಪ್ಪನೂ ಮೂಟೆ ಎಣಿಸುವಾಗ ಮೊದಲನೆಯದಕ್ಕೆ ಲಾಭ ಅನ್ನುತ್ತಿದ್ದ. "ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಏಳು..."

ಲಿಂಗಮ್ಮ ಈ ಸಲ ಪೊರಕೆ ಬಿಟ್ಟು ನಕ್ಕಳು. "ನಮ್ಮತ್ತೆ ಇದ್ದಿದ್ರೆ ಬಾಯಿ ಮೇಲೆ ಹೊಡೆಯೋರು. ಏಳು ಅಂದ್ರೆ ಲಕ್ಷ್ಮಿ ಎದ್ದು ಹೋಗ್ಬುಡ್ತಾಳೆ. ಮತ್ತೊಂದು ಅನ್ಬೇಕು. ಆರು, ಮತ್ತೊಂದು, ಎಂಟು."

"ಈಗ್ಲೂ ಹಂಗೆ ಅಂತಾರಾ?"

"ಲಾಭ ಅಂತಾರೆ. ಮತ್ತೊಂದು ಅನ್ನೋರು ಈಗ ಎಲ್ಲವ್ರೆ? ಹಳೇ ಕಾಫಿ ವ್ಯಾಪಾರದ ಮನೇಲಿ ಹುಟ್ಟಿದೋರು ಯಾರಾದ್ರೂ ಇದ್ರೆ ಅಂದಾರು. ನಮ್ಮ ಅಧ್ಯಕ್ಷರಿಗೇ ಗೊತ್ತಿಲ್ಲ."

ಗೋಡೆಯ ಮೇಲೆ ನಲವತ್ತು ಕಟ್ಟು. ನಾನೂರು ಮೂಟೆ ಹಣ್ಣು.

"ಇಷ್ಟೇನಾ ಬಂದಿದ್ದು?"

"ಹಣ್ಣು ಇಷ್ಟೇ. ಮಿಕ್ಕಿದೋರು ಅವ್ರವ್ರ ಮನೆ ಅಂಗಳದಾಗೆ ಒಣಗಿಸಿ ಚೆರ್ರಿ ಮಾಡ್ಕೊಂಡು ಬಂದು ಕೊಟ್ರಲ್ಲ. ಅದು ಕಣಕ್ಕೆ ಬರಾಕಿಲ್ಲ, ನೇರ ಸ್ಟೋರಿಗೆ. ಹಣ್ಣು ಬ್ಯಾರೆ, ಚೆರ್ರಿ ಬ್ಯಾರೆ ಕಣ್ರೀ."

ಹಣ್ಣು ಬೇರೆ, ಚೆರ್ರಿ ಬೇರೆ. ಗಿಡದಿಂದ ಕೊಯ್ದದ್ದು ಹಣ್ಣು, ಸಿಪ್ಪೆ ಸಮೇತ ಒಣಗಿಸಿದ್ದು ಚೆರ್ರಿ. ಸಕಲೇಶಪುರದಲ್ಲಾಗಲಿ ಆಲೂರಿನಲ್ಲಾಗಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟುವಾಗಲೇ ಗೊತ್ತಿರುತ್ತದೆ.

ಆದರೆ ಪರದೆಯ ಮೇಲೆ ಚೆರ್ರಿಯ ಪಕ್ಕದಲ್ಲಿ ಕೆಂಪು ಹಣ್ಣಿತ್ತು.

ಮಂಡಿ ನೋವು ಮರೆತು ಒಳಗೆ ನಡೆದೆ.

* * *

"ಲೋಹಿತ್, ಚೆರ್ರಿ ಅಂದ್ರೆ ಏನಪ್ಪಾ?"

ಅವನು ಮೊಬೈಲಿನಿಂದ ತಲೆ ಎತ್ತಿದ. "ಕಾಫಿ ಹಣ್ಣು ಸರ್. ಕೆಂಪಗಿರತ್ತಲ್ಲ. ಚಿತ್ರ ಇದೆಯಲ್ಲ."

ಶಾಂತಮಲ್ಲಪ್ಪ ಅವನನ್ನು ದೆವ್ವ ಕಂಡವರಂತೆ ನೋಡಿದರು. "ಏನಂದೆ?"

"ಗಿಡದಲ್ಲಿ ಬಿಡೋ ಹಣ್ಣು. ಹೊರದೇಶದಲ್ಲೆಲ್ಲ ಅದಕ್ಕೇ ಚೆರ್ರಿ ಅನ್ನೋದು. ಇದು ಅಲ್ಲಿ ಮಾಡಿದ ಸಾಫ್ಟ್‌ವೇರ್, ನಾವು ಕನ್ನಡಕ್ಕೆ ತಂದಿದ್ದೀವಿ ಅಷ್ಟೆ. ಯಾಕೆ, ಇಲ್ಲಿ ಬೇರೇನಾ?"

"ಇಲ್ಲಿ ಚೆರ್ರಿ ಅಂದ್ರೆ ಒಣಗಿದ್ದು ಕಣಯ್ಯ!"

"ನಂಗೇನು ಗೊತ್ತು ಸರ್? ನಾನು ಹಾಸನ ಸಿಟೀಲಿ ಹುಟ್ಟಿ ಬೆಳೆದೋನು. ಕಾಫೀನ ಲೋಟದಲ್ಲಿ ಬಿಟ್ರೆ ಎಲ್ಲೂ ಕಂಡಿಲ್ಲ."

ಪೆನ್ನು ತೆಗೆದು ಪ್ರಿಂಟಿನ ಹಿಂಬದಿಯಲ್ಲಿ ಬರೆದೆ. ನಾನೂರು ಮೂಟೆ ಹಸಿ ಹಣ್ಣು, ಇಪ್ಪತ್ತು ಸಾವಿರ ಕೆಜಿ. ಜನ ಒಣಗಿಸಿ ತಂದ ಚೆರ್ರಿ ಇಪ್ಪತ್ತೊಂದು ಸಾವಿರ. ಎರಡನ್ನೂ ಒಂದೇ ಖಾನೆಗೆ ಹಾಕಿ ಕೂಡಿದರೆ ನಲವತ್ತೊಂದು ಸಾವಿರ.

"ಅಧ್ಯಕ್ಷರೇ, ನೂರು ಕೆಜಿ ಹಣ್ಣು ಒಣಗಿದ್ರೆ ಎಷ್ಟಾಗ್ತದೆ?"

"ನಲವತ್ತು. ಪುಣ್ಯ ಇದ್ರೆ ಒಂದೆರಡು ಜಾಸ್ತಿ."

"ಇಪ್ಪತ್ತು ಸಾವಿರ ಒಣಗಿದ್ರೆ?"

ಅವರ ತುಟಿ ಅಲುಗಿತು. "ಎಂಟು ಸಾವಿರ."

"ಮಿಕ್ಕಿದ ಹನ್ನೆರಡು ಸಾವಿರ ಎಲ್ಲಿ ಹೋಯ್ತು? ಯಾವ ಲಾರೀಲೂ ಹೋಗಿಲ್ಲ ಸ್ವಾಮಿ. ಬಿಸಿಲಿಗೆ ಹೋಯ್ತು. ಹಣ್ಣಿನೊಳಗಿನ ನೀರು ಅದು. ಎಂಟೂ ಇಪ್ಪತ್ತೊಂದೂ ಇಪ್ಪತ್ತೊಂಬತ್ತು. ನಿಮ್ಮ ಸ್ಟೋರಿನಲ್ಲಿ ಇರೋದೂ ಅಷ್ಟೇ."

ಇನ್ನೂರ ನಲವತ್ತು ಮೂಟೆಯ ಕಳ್ಳ ಸೂರ್ಯ ಅಂತಾಯಿತು.

ಶಾಂತಮಲ್ಲಪ್ಪ ಮೂಟೆಗೆ ಒರಗಿ ಕುಳಿತುಬಿಟ್ಟರು. "ಒಂದು ಪದ ಕೇಳ್ಲಿಲ್ಲ ಸಾಹೇಬ್ರೆ. ಅದರ ಮಾತು ನಮ್ಮ ಮಾತು ಒಂದೇನಾ ಅಂತ ಕೇಳ್ಲಿಲ್ಲ. ಪಾಪದ ಮನುಷ್ಯನ್ನ ಜೈಲಿಗೆ ಕಳಿಸ್ತಿದ್ದೆ." ಕಣ್ಣು ಒರೆಸಿಕೊಂಡರು. ಸುಳ್ಳೇಕೆ, ನನಗೆ ಒಂದಿಷ್ಟು ಹೆಮ್ಮೆ ಆಯಿತು. ಈ ವಯಸ್ಸಿನಲ್ಲಿ ಅದು ಅಪರೂಪಕ್ಕೆ ಸಿಗುವ ಸಿಹಿ.

ಲೋಹಿತನೇ ಓಡಾಡಿ ಬಿಳಿ ಹಾಳೆ ತಂದ. "ಸರ್, ನೀವೇ ಒಂದು ಮಾತು ಬರೆದುಕೊಡಿ. ನಿಮ್ಮ ಸಹಿ ಇದ್ರೆ ಮೆಂಬರ್ಸ್‌ಗೆ ಸಮಾಧಾನ. ನನ್ನ ತಪ್ಪಿಂದ ಇಷ್ಟೆಲ್ಲ ಆಯ್ತು."

ಬರೆದೆ. 'ಸ್ಟೋರಿನಲ್ಲಿ ಐನೂರ ಎಂಬತ್ತು ಮೂಟೆ ಚೆರ್ರಿ ಇದೆ. ಪರಿಶೀಲಿಸಿದ್ದೇನೆ. ಏನೂ ಕಳುವಾಗಿಲ್ಲ.' ಕೆಳಗೆ ಸಹಿ, ದಿನಾಂಕ.

"ಹಂಗಾದ್ರೆ ಇವತ್ತೇ ಲೋಡ್ ಮಾಡ್ಬುಡ್ತೀವಿ," ಅಂದರು ಅಧ್ಯಕ್ಷರು. "ಮಂಗಳೂರಿನ ಕಾರ್ಖಾನೆಯೋರು ವಾರದಿಂದ ಕಾಯ್ತಾವ್ರೆ. ಕತ್ತಲಾಗೋದ್ರೊಳಗೆ ಲಾರಿ ದೋಣಿಗಲ್ ದಾಟ್ಲಿ."

ವೆಂಕಟೇಶ ಸಹಿ ಹಾಕಿದ್ದ ಕಾಗದವನ್ನು ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟರು. "ನೀವೇ ಕೊಟ್ಟು ಹರಿದು ಹಾಕಕ್ಕೆ ಹೇಳಿ. ನನಗೆ ಅವನ ಮುಖ ನೋಡಕ್ಕಾಗಲ್ಲ."

* * *

ವೆಂಕಟೇಶನ ಮನೆ ಆಲೂರಿನ ದಾರಿಯಲ್ಲಿ ನಾಲ್ಕು ಕಿಲೋಮೀಟರ್. ಸ್ಕೂಟರ್ ನಿಲ್ಲಿಸುವಾಗ ಆಯಿಷಾ ಫೋನ್ ಮಾಡಿ ಮಾತ್ರೆ ತಗೊಂಡ್ರಾ ಅಂದಳು. ತಗೊಂಡೆ ಅಂದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಇದೊಂದು ಸುಳ್ಳು ಚೆನ್ನಾಗಿ ಪಳಗಿದೆ.

ಜಗಲಿಯಲ್ಲಿ ಕೂತಿದ್ದ ವೆಂಕಟೇಶ ಎದ್ದು ನಿಂತ. "ಅಸಾದುಲ್ಲಾ ಸಾಹೇಬ್ರು. ಸ್ಕೂಟರ್ ಸದ್ದಲ್ಲೇ ಗೊತ್ತಾಯ್ತು."

ಅವನ ಹೆಂಡತಿ ಚಿನ್ನಮ್ಮ ಬಾಗಿಲಲ್ಲಿ ನಿಂತಳು. ಐದು ದಿನ ಅತ್ತ ಮುಖ.

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹಣ್ಣು, ಚೆರ್ರಿ, ಬಿಸಿಲು. ಚಿನ್ನಮ್ಮ ಅಲ್ಲೇ ಕುಸಿದು ಸೆರಗು ಬಾಯಿಗೆ ಒತ್ತಿಕೊಂಡಳು. ಕಾಗದವನ್ನು ವೆಂಕಟೇಶನ ಕೈಗೆ ಕೊಟ್ಟೆ.

"ಓದಿ, ಹರಿದು ಒಲೆಗೆ ಹಾಕು ಮಾರಾಯ."

ಅವನು ಕಾಗದ ಬಿಡಿಸಿ ಕಣ್ಣ ಹತ್ತಿರ ಹಿಡಿದು ನಿಧಾನವಾಗಿ ತಲೆ ಆಡಿಸಿದ. ತಲೆಕೆಳಗಾಗಿ ಹಿಡಿದಿದ್ದ.

ನಾನು ಕಾಗದ ತಿರುಗಿಸಿ ಅವನ ಕೈಯಲ್ಲಿಟ್ಟೆ. "ಯಾವಾಗಿಂದ ಕಾಣಲ್ಲ?"

"ವರ್ಷ ಆಯ್ತು," ಅಂದ. ದನಿಯಲ್ಲಿ ನಾಚಿಕೆ ಇತ್ತು. "ಪೊರೆ ಬೆಳೆದೈತೆ. ಮಂಜು ಮಂಜು. ಗೊತ್ತಾದ್ರೆ ಕುರುಡನ್ನ ರೈಟರ್ ಅಂತ ಯಾರು ಇಟ್ಕೋತಾರೆ? ಕಂಪ್ಯೂಟರ್ ಕೀಲಿ ಬೆರಳಿಗೆ ಗೊತ್ತೈತೆ, ಹೆಂಗೋ ನಡೀತಿತ್ತು."

"ಹಣ್ಣು, ಚೆರ್ರಿ ಎರಡೂ ಒಂದೇ ಖಾನೇಲಿ ಯಾಕೆ ಹಾಕ್ದೆ?"

"ಆ ಲೋಹಿತ್ ಹಂಗೇ ಹೇಳ್ಕೊಟ್ಟ. 'ಹಣ್ಣು ಬರ್ಲಿ, ಚೆರ್ರಿ ಬರ್ಲಿ, ಇಲ್ಲೇ ಹಾಕಿ' ಅಂದ."

ಹೂಂ ಅಂದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ನನ್ನ ತಲೆ ಇನ್ನೊಂದು ಪ್ರಶ್ನೆಯಲ್ಲಿತ್ತು. "ಕದಿಯದೆ ಕದ್ದೆ ಅಂತ ಯಾಕೆ ಸಹಿ ಹಾಕ್ದೆ?"

"ಹಾಕದಿದ್ರೆ ಕಣದ ಹನ್ನೆರಡು ಹೆಂಗಸರನ್ನೂ ಠಾಣೆಗೆ ಕಳಿಸ್ಬೇಕಾಗ್ತದೆ ಅಂದ್ರು ಸಂಘದೋರು. ಅವ್ರು ಏನ್ ಪಾಪ ಮಾಡಿದ್ರು? ನಾನಾದ್ರೂ..." ಅವನು ನಿಲ್ಲಿಸಿದ. ಬಿಡುಗಡೆಯಾದವನ ಮುಖವೇ ಅದಾಗಿರಲಿಲ್ಲ. "ಸಾಹೇಬ್ರೆ, ಏನೂ ಕಳುವಾಗಿಲ್ಲ ಅಂತೀರಾ?"

"ಒಂದು ಕಾಳೂ ಇಲ್ಲ."

"ಮತ್ತೆ ಆ ಲಾರೀಲಿ ಹೋಗಿದ್ದೇನು?"

ಚಿನ್ನಮ್ಮ ಅಳು ನಿಲ್ಲಿಸಿದಳು.

"ಯಾವ ಲಾರಿ?" ಅಂದೆ.

"ಜನವರಿ ಇಪ್ಪತ್ಮೂರು. ಜ್ವರ ಅಂತ ಸುಳ್ಳು ಹೇಳಿ ಹಾಸನಕ್ಕೆ ಕಣ್ಣು ತೋರ್ಸಕ್ಕೆ ಹೋದೆ. ಬೀಗದ ಕೈ ಆಫೀಸ್‌ನಾಗೆ ಬಿಟ್ಟಿದ್ದೆ. ಡಾಕ್ಟ್ರು ಮುಂದಿನ ವಾರ ಬಾ ಅಂದ್ರು, ಮಧ್ಯಾಹ್ನದ ಬಸ್ಸಿಗೇ ವಾಪಸ್ ಬಂದೆ. ಸ್ಟೋರಿನ ಹಿಂದೆ ಲಾರಿ ನಿಂತಿತ್ತು. ಮೂಟೆ ಇಳಿಸೋ ಸದ್ದು, ಏರಿಸೋ ಸದ್ದು, ಎರಡೂ ಕೇಳ್ತು."

"ಇಳಿಸೋದೂ? ಏರಿಸೋದೂ?"

"ಎರಡೂ. ನಂಬರ್ ಕಾಣ್ಲಿಲ್ಲ, ಮುಖ ಕಾಣ್ಲಿಲ್ಲ. ಯಾರು ಅಂತ ಕೂಗಿದ್ರೆ ನಾನೆಲ್ಲಿ ಹೋಗಿದ್ದೆ ಅಂತ ಕೇಳ್ತಾರೆ. ಬಾಯಿ ಮುಚ್ಕೊಂಡು ಮನೆಗೆ ಬಂದ್ಬುಟ್ಟೆ. ಇನ್ನೂರ ನಲವತ್ತು ಮೂಟೆ ಇಲ್ಲ ಅಂದಾಗ ಅದೇ ಲಾರಿ ಅಂದ್ಕೊಂಡೆ. ನಾನು ಬಾಯಿ ಬಿಟ್ಟಿದ್ರೆ ಹೋಗ್ತಿರ್ಲಿಲ್ಲ. ಕದ್ದೋನು ನಾನೇ ಆದ ಹಂಗಾಯ್ತಲ್ಲ ಅಂತ ಸಹಿ ಹಾಕ್ದೆ."

"ಆವತ್ತು ಸ್ಟೋರಿನಲ್ಲಿ ಎಷ್ಟು ಮೂಟೆ ಇತ್ತು?"

"ಆಗಿನ್ನೂ ಸುಗ್ಗಿ ಅರ್ಧ, ಒಣಗಿದ್ದು ಕಮ್ಮಿ. ಒಂದೇ ಸಾಲು ಹಾಕಿದ್ವಿ, ನೆಲದ ಮೇಲಿಂದು. ತೊಂಬತ್ತು ಮೂಟೆ. ಮಿಕ್ಕಿದ್ದೆಲ್ಲ ಆಮೇಲೆ ಅದರ ಮೇಲೆ ಬಿದ್ದಿದ್ದು."

ನೆಲದ ಮೇಲಿನ ಸಾಲು. ನನ್ನ ಮಂಡಿ ಬೇಡ ಅಂದ ಸಾಲು.

ಹಲ್ಲು ನೋಡಲಿಲ್ಲ, ಸುಳಿ ನೋಡಲಿಲ್ಲ ಎಂದು ಇಡೀ ಬೆಳಗ್ಗೆ ಅವರಿಗೆ ಬೈದಿದ್ದೆ. ನಾನು ಮಾಡಿದ್ದೇನು? ಎಣಿಕೆ ಸರಿಹೋಯಿತು ಎಂದು ಸಹಿ ಹಾಕಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

"ಮುಖ ಕಾಣ್ಲಿಲ್ಲ ಸರಿ. ಕಿವಿಗೆ ಏನಾದ್ರೂ ಬಿತ್ತಾ ವೆಂಕಟೇಶ?"

ಅವನು ಮಬ್ಬು ಕಣ್ಣು ಮುಚ್ಚಿಕೊಂಡ. "ಒಬ್ಬ ಮೂಟೆ ಎಣಿಸ್ತಿದ್ದ. ಸಣ್ಣ ದನಿ. ಹಳೇ ಕಾಲದೋರ ಹಂಗೆ ಎಣಿಸ್ತಿದ್ದ, ಅದಕ್ಕೇ ನೆನಪೈತೆ. ಆರು ಆದ್ಮೇಲೆ ಏಳು ಅನ್ಲಿಲ್ಲ. ಮತ್ತೊಂದು ಅಂದ."

* * *

ವಾಪಸ್ ಬರುವಾಗ ಸ್ಕೂಟರನ್ನು ಎಷ್ಟು ಜೋರಾಗಿ ಓಡಿಸಿದೆನೋ ನನಗೇ ಗೊತ್ತಿಲ್ಲ. ಸ್ಟೋರಿನ ಮುಂದೆ ಲಾರಿ ನಿಂತಿತ್ತು, ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಲೋಡ್ ಮಾಡುವವರು ಹೊರಗೆ ಚಹಾ ಕುಡಿಯುತ್ತಿದ್ದರು. ಶಾಂತಮಲ್ಲಪ್ಪ ಊಟಕ್ಕೆ ಹೋಗಿದ್ದರು.

ಒಳಗೆ ಹೋದೆ. ಮೇಲಿನ ಸಾಲುಗಳು ಖಾಲಿಯಾಗಿ ಒಂದು ಮೂಲೆಯಲ್ಲಿ ಕೆಳಸಾಲು ತೆರೆದುಕೊಂಡಿತ್ತು. ಪ್ರತಿ ಮೂಟೆಯ ಮೇಲೂ ಚೀಟಿ ಅಚ್ಚುಕಟ್ಟಾಗಿ ಅಂಟಿತ್ತು. ಸಾಫ್ಟ್‌ವೇರ್ ಎಣಿಸುವುದು ಆ ಚೀಟಿಯನ್ನು. ಚೀಟಿಯ ಹಿಂದೆ ಏನಿದೆ ಎಂದು ಅದು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ.

ಗೋಡೆ ಹಿಡಿದು ಮಂಡಿಯೂರಿದೆ. ನೋವು ಸೊಂಟದ ತನಕ ಹತ್ತಿತು. ಕೊಳವೆಯನ್ನು ಮೂಟೆಗೆ ಚುಚ್ಚಿ, ತಿರುಗಿಸಿ, ಎಳೆದು ಅಂಗೈ ಮೇಲೆ ಸುರಿದೆ.

ಕಾಫಿಯ ಒಣ ಸಿಪ್ಪೆ, ಅದರೊಳಗೆ ಕೆಂಪು ಮರಳು. ಒಂದೇ ಒಂದು ಕಾಳಿಲ್ಲ.

ಪಕ್ಕದ ಮೂಟೆ ಚುಚ್ಚಿದೆ. ಸಿಪ್ಪೆ, ಮರಳು. ಮೂರನೆಯದರಲ್ಲೂ ಅದೇ.

ಈಗ ಕೂಗಬೇಕಿತ್ತು. ಬಾಯಿ ಬರಲಿಲ್ಲ. ಕಳ್ಳತನ ನಿಜ ಎಂದು ನಾನು ಕೂಗಿದ ಮರುಕ್ಷಣ ಹಿಡಿದು ಕೊಂಡೊಯ್ಯುವುದು ಯಾರನ್ನು? 'ಕದ್ದದ್ದು ನಾನೇ' ಎಂದು ಸಹಿ ಹಾಕಿದವನನ್ನು. ಆ ಕಾಗದವನ್ನು ಹರಿಯಲು ನಾನೇ ಹೇಳಿದ್ದೆ, ಅವನು ಹರಿದಿರಲಿಲ್ಲ. ಸುಮ್ಮನಿದ್ದರೆ ಲಾರಿ ಘಟ್ಟ ಇಳಿಯುತ್ತದೆ. ಮಂಗಳೂರಿನಲ್ಲಿ ಮೂಟೆ ಬಿಚ್ಚಿದಾಗಲೂ ಸ್ಟೋರಿನ ರೈಟರನ್ನೇ ಕೇಳುತ್ತಾರೆ. ಎರಡು ದಾರಿಯೂ ಆ ಕುರುಡನ ಜಗಲಿಗೇ ಹೋಗುತ್ತಿದ್ದವು. ನನಗೆ ಅಳು ಬಂತು.

ಮತ್ತೆ ಇನ್ನೊಂದು ಮಾತು ಈಗ ತಲೆಗೆ ಇಳಿಯಿತು. 'ಹಣ್ಣು ಬರ್ಲಿ, ಚೆರ್ರಿ ಬರ್ಲಿ, ಇಲ್ಲೇ ಹಾಕಿ.' ಎರಡೂ ಬೇರೆ ಬೇರೆ ಅಂತ ಗೊತ್ತಿಲ್ಲದವನು ಎರಡು ಹೆಸರು ಹೇಳುವುದು ಹೇಗೆ? ಇಲ್ಲದ ಕಳ್ಳತನವೊಂದು ಸುಳ್ಳೆಂದು ತಿಳಿದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ, ಇರುವ ಕಳ್ಳತನವನ್ನು ಯಾರು ಹುಡುಕುತ್ತಾರೆ?

ಹೊರಗೆ ಚಹಾ ಮುಗಿದಿತ್ತು. ಲಾರಿಯ ಮೇಲಿನ ಮೂಟೆಗಳ ಚೀಟಿಗಳನ್ನು ಯಾರೋ ಮೊಬೈಲಿನಲ್ಲಿ ಒಂದೊಂದಾಗಿ ಓದಿಸುತ್ತಿದ್ದರು. ಪ್ರತಿ ಚೀಟಿಗೂ ಮೊಬೈಲ್ ಕುಯ್ ಅನ್ನುತ್ತಿತ್ತು. ಅದರ ಜೊತೆಗೆ, ಬಾಯಿಪಾಠ ಒಪ್ಪಿಸುವವರಂತೆ, ಸಣ್ಣ ದನಿಯ ಎಣಿಕೆ.

"ಲಾಭ... ಎರಡು... ಮೂರು..."

ಎಲ್ಲರೂ ಲಾಭ ಅನ್ನುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

"ನಾಲ್ಕು... ಐದು... ಆರು..."

ಉಸಿರು ಹಿಡಿದೆ. ಮೊಬೈಲ್ ಕುಯ್ ಅಂದಿತು.

"ಮತ್ತೊಂದು."

ಕಾಫಿಯನ್ನು ಲೋಟದಲ್ಲಿ ಬಿಟ್ಟರೆ ಎಲ್ಲೂ ಕಂಡಿಲ್ಲ ಎಂದಿದ್ದವನ ದನಿ ಅದು.

ಎಣಿಕೆ ನಿಂತಿತು. ಹೆಜ್ಜೆ ಸದ್ದು ಹತ್ತಿರ ಬಂತು. ಬಾಗಿಲ ಬೆಳಕಿಗೆ ಅಡ್ಡವಾಗಿ ಲೋಹಿತ್ ನಿಂತು ಮೊದಲು ನನ್ನ ಕೈಯಲ್ಲಿದ್ದ ಕೊಳವೆಯನ್ನು ನೋಡಿದ, ಆಮೇಲೆ ನೆಲದ ಮೇಲೆ ಚೆಲ್ಲಿದ್ದ ಮರಳನ್ನು.

"ಏಳಿ ಸರ್," ಅಂದ ಮೆತ್ತಗೆ. "ಕೆಳಗಿನ ಸಾಲು ನಾವು ತೆಗೀತೀವಿ. ನೀವ್ಯಾಕೆ ಮಂಡಿ ನೋಯಿಸ್ಕೋತೀರಿ?"

ಅವನ ಎಡಗೈಯಲ್ಲಿ ನನ್ನ ಸಹಿ ಇದ್ದ ಕಾಗದವಿತ್ತು. ಬಲಗೈಯಿಂದ ಅವನು ಸ್ಟೋರಿನ ಬಾಗಿಲನ್ನು ಒಳಗಿನಿಂದ ಮುಚ್ಚಿದ.